ಕ್ಲೈಂಟ್‌ಗಳಿಗೆ ಡೈರಿ ಬದಲು ಹೂವು ಕಳಿಸಿದರೆ ಏನಾದರೂ ಉಪಯೋಗ ಇದೆಯಾ?

ಗಿರಾಕಿದೇವೋಭವ
ಪ್ಯಾಕೇಜಿಂಗ್ ಸಾಮಾನು ಮಾಡುವ ಮಧ್ಯಮ ಗಾತ್ರದ ಕಂಪನಿಯಲ್ಲಿ ಕ್ಲೈಂಟ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ವರ್ಷದ ಕೊನೆಗೆ ಡೈರಿ, ಪೆನ್ನು, ಹೆಸರು ಅಚ್ಚು ಹಾಕಿದ ನೀರಿನ ಬಾಟಲಿ ಕಳಿಸುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದದ್ದು. ಈ ಸಲ ಎಂಡಿ ಸಾಹೇಬರು "ಡೈರಿ ಯಾರೂ ಬರೆಯಲ್ಲ, ಎಲ್ಲರಿಗೂ ಒಳ್ಳೇ ಬೊಕೆ ಕಳಿಸಿ" ಅಂದಿದ್ದಾರೆ. ನನಗೆ ಅನುಮಾನ. ವಾರದೊಳಗೆ ಬಾಡಿ ಕಸದ ಬುಟ್ಟಿಗೆ ಹೋಗುವ ವಸ್ತುವಿನಿಂದ ವ್ಯವಹಾರದ ಸಂಬಂಧ ಹೇಗೆ ಗಟ್ಟಿಯಾಗುತ್ತೆ? ಕಳಿಸಲೇಬೇಕು ಅಂದರೆ ಯಾವ ಹೂವು, ಯಾರ ಹೆಸರಿಗೆ, ಯಾವಾಗ? ಕ್ಲೈಂಟ್‌ಗಳಲ್ಲಿ ಸರ್ಕಾರಿ ಸಂಸ್ಥೆಗಳೂ ಇವೆ, ಹೊರದೇಶದವರೂ ಇದ್ದಾರೆ. ಅನುಭವ ಇದ್ದವರು ಹೇಳಿ.

ಪರ್ಚೇಸ್ ಪುರಾಣ
ನಾನು ಟೇಬಲ್ಲಿನ ಆ ಕಡೆಯವನು, ಅಂದರೆ ಉಡುಗೊರೆ ಬರುವ ಕಡೆಯವನು. ಪರ್ಚೇಸ್ ವಿಭಾಗದಲ್ಲಿ ತುಂಬ ವರ್ಷದಿಂದ ಇದ್ದೇನೆ. ನೇರವಾಗಿ ಹೇಳ್ತೀನಿ: ವರ್ಷದ ಕೊನೆಯ ವಾರ ಕಳಿಸಬೇಡಿ. ಆ ವಾರ ನಮ್ಮ ಆಫೀಸಿಗೆ ಬರೋದು ಉಡುಗೊರೆಗಳ ಲೋಡು. ಯಾವುದು ಯಾರ ಕಡೆಯಿಂದ ಅಂತ ನೋಡೋ ವ್ಯವಧಾನ ಯಾರಿಗೂ ಇರಲ್ಲ. ಅರ್ಧ ಜನ ರಜೆಯ ಮೇಲೆ ಬೇರೆ.

ಎರಡನೇದು, ಹೂವು ಯಾವಾಗಲೂ ದೊಡ್ಡ ಸಾಹೇಬರ ಕ್ಯಾಬಿನ್ನಿಗೆ ಹೋಗುತ್ತೆ. ಅವರಿಗೆ ದಿನಕ್ಕೊಂದು ಬೊಕೆ ಬರುತ್ತೆ, ಅವರು ತಲೆ ಎತ್ತಿ ನೋಡಲ್ಲ. ನಿಮ್ಮ ಮಾಲು ಲೇಟಾದಾಗ ಗೋದಾಮಿನಲ್ಲಿ ಜಾಗ ಮಾಡಿಕೊಟ್ಟವಳು, ಬಿಲ್ಲಿನಲ್ಲಿ ತಪ್ಪಿದ್ದಾಗ ವಾಪಸ್ ಕಳಿಸದೆ ಫೋನ್ ಮಾಡಿ ಸರಿಮಾಡಿಸಿದವನು, ಇವರಿಗೆ ಹೊರಗಿನ ಕಂಪನಿಯಿಂದ ಒಂದು ಎಸಳೂ ಬಂದಿರಲ್ಲ. ಹಿಂದೊಮ್ಮೆ ಒಬ್ಬ ವೆಂಡರ್ ನಮ್ಮ ಸ್ಟೋರ್ಸ್‌ನ ಹೆಣ್ಣುಮಗಳ ಹೆಸರಿಗೆ ಚಿಕ್ಕದೊಂದು ಹೂಗುಚ್ಛ ಕಳಿಸಿದ್ದ. "ಆ ರಾತ್ರಿ ಲಾರಿ ಬಂದಾಗ ನೀವು ಕಾದಿದ್ದಕ್ಕೆ" ಅಂತ ಎರಡು ಸಾಲು. ಇವತ್ತಿಗೂ ಆ ವೆಂಡರ್ ಫೋನ್ ಮಾಡಿದರೆ ಆಕೆ ಎದ್ದು ಹೋಗಿ ರಿಜಿಸ್ಟರ್ ನೋಡಿ ಹೇಳ್ತಾರೆ. ಬೇರೆಯವರಿಗೆ "ಮೇಲ್ ಹಾಕಿ".

ಸಂದೇಹಿ
ಕಥೆ ಚೆನ್ನಾಗಿದೆ. ಆದರೆ ಮಾಲು ಟೈಮಿಗೆ ಬರಲಿಲ್ಲ ಅಂದರೆ ಯಾವ ಗುಲಾಬಿಯೂ ಕಾಪಾಡಲ್ಲ. ಆ ದುಡ್ಡನ್ನ ಕ್ವಾಲಿಟಿ ಚೆಕ್ಕಿಗೆ ಹಾಕಿ. "ಹೂವು ಕೊಟ್ಟರೆ ಬಾಂಧವ್ಯ" ಅನ್ನೋದು ಹೂವು ಮಾರುವವರು ಹಬ್ಬಿಸಿದ ಮಾತು.

ತೊಟ್ಟು
ಹೂವು ಮಾರುವವಳು ನಾನೇ, ಸಂದೇಹಿ ಸರ್ 😄 ಹಬ್ಬಿಸಿದ್ದು ನಾವೇ ಅಂತ ಒಪ್ಪಿಕೊಂಡೇ ಶುರು ಮಾಡ್ತೀನಿ. ಈ ವಿಷಯದಲ್ಲಿ ಎಲ್ಲರೂ ಎತ್ತಿ ತೋರಿಸುವ ಸಂಶೋಧನೆ 2005ರದು, ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ್ದು. ಹೂವು, ಹಣ್ಣಿನ ಬುಟ್ಟಿ, ಮೇಣದಬತ್ತಿ ಹೀಗೆ ಬೇರೆಬೇರೆ ಉಡುಗೊರೆ ಕೊಟ್ಟು ಮುಖಭಾವ ಗಮನಿಸಿದರು. ಕಣ್ಣಂಚಿನವರೆಗೂ ಹೋಗುವ ನಿಜವಾದ ನಗು ಹೂವು ಪಡೆದ ಎಲ್ಲರಲ್ಲೂ ಕಂಡಿತು. ಆದರೆ ಆ ಮೊದಲ ಪ್ರಯೋಗದಲ್ಲಿ ಇದ್ದವರೆಲ್ಲ ಹೆಂಗಸರು, ಕೊಟ್ಟದ್ದು ಮನೆ ಬಾಗಿಲಲ್ಲಿ, ಸಂಶೋಧನೆಗೆ ನೆರವು ಕೊಟ್ಟದ್ದು ಅಲ್ಲಿನ ಹೂವಿನ ವ್ಯಾಪಾರಿಗಳ ಸಂಘ. ಕಾಂಟ್ರಾಕ್ಟ್ ರಿನ್ಯೂ ಆಗುತ್ತೆ ಅಂತ ಅದರಲ್ಲಿ ಎಲ್ಲೂ ಇಲ್ಲ. ನಗು ಬರುತ್ತೆ, ಅಷ್ಟೇ.

ನನಗೆ ಗೊತ್ತಿರೋ ವಿಷಯ ಹೂವಿನದು, ಅದನ್ನ ಹೇಳ್ತೀನಿ.

ಕಾರ್ನೇಷನ್, ಸೇವಂತಿಗೆ, ಆಂಥೂರಿಯಂ ಸರಿಯಾಗಿ ನೋಡಿಕೊಂಡರೆ ಎರಡು ವಾರ ಬರುತ್ತವೆ. ಗುಲಾಬಿ ಒಂದು ವಾರ, ಅದೃಷ್ಟ ಇದ್ದರೆ ಇನ್ನೆರಡು ದಿನ. ಜರ್ಬೆರಾ ನೋಡೋಕೆ ಚೆಂದ, ಕತ್ತು ಮಾತ್ರ ಬೇಗ ಬಗ್ಗುತ್ತೆ. ಅದರ ಕಾಂಡದ ಮೇಲೆ ರೋಮ ಇರೋದರಿಂದ ನೀರು ಜಾಸ್ತಿಯಾದರೆ ಕೊಳೆಯುತ್ತೆ, ಹೂದಾನಿಯಲ್ಲಿ ಕಡಿಮೆ ನೀರು ಸಾಕು. ಟ್ಯೂಲಿಪ್ ಕತ್ತರಿಸಿದ ಮೇಲೂ ಬೆಳೆಯುತ್ತಲೇ ಇರುತ್ತೆ, ಬೆಳಕಿನ ಕಡೆ ವಾಲುತ್ತೆ. ಸೋಮವಾರ ನೆಟ್ಟಗೆ ಜೋಡಿಸಿದ್ದು ಬುಧವಾರಕ್ಕೆ ಕಿಟಕಿ ಕಡೆ ಮುಖ ಮಾಡಿರುತ್ತೆ.

ಆಫೀಸಿಗೆ ಲಿಲ್ಲಿ ಬೇಡ ಅಂತ ನಾನೇ ಗಿರಾಕಿಗಳಿಗೆ ಹೇಳ್ತೀನಿ. ಓರಿಯೆಂಟಲ್ ಲಿಲ್ಲಿಯ ವಾಸನೆ ಎಸಿ ರೂಮಿನಲ್ಲಿ ತಲೆನೋವು ತರುತ್ತೆ. ಪರಾಗ ಅಂಗಿಗೆ ತಾಗಿದರೆ ಕಲೆ ಹೋಗಲ್ಲ. ಸಂಜೆ ಯಾರಾದರೂ ಮನೆಗೆ ತಗೊಂಡು ಹೋಗಿ ಅಲ್ಲಿ ಬೆಕ್ಕಿದ್ದರೆ ಅದರ ಕಿಡ್ನಿಗೇ ಸಂಚಕಾರ, ಹೂದಾನಿಯ ನೀರು ನೆಕ್ಕಿದರೂ ಅಪಾಯ. ಹಾಗೆ ಕಳಿಸಲೇಬೇಕು ಅನ್ನೋರಿಗೆ ಕೇಸರ ಕಿತ್ತು ಕೊಡ್ತೀವಿ. ಕಲೆ ತಪ್ಪುತ್ತೆ, ಬೆಕ್ಕಿಗೆ ಮಾತ್ರ ಆಗಲೂ ವಿಷವೇ.

ಹಣ್ಣು ಹೂವು ಒಂದೇ ಬುಟ್ಟಿಯಲ್ಲಿ ಹಾಕಿ ಕೊಡೋ ಪ್ಯಾಕೇಜ್ ಅಂತೂ ಬೇಡವೇ ಬೇಡ. ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತೆ, ಅದು ತಾಗಿದರೆ ಕಾರ್ನೇಷನ್ ಎಸಳು ಒಳಕ್ಕೆ ಮುದುಡಿ ನಿದ್ದೆ ಹೋದ ಹಾಗೆ ಆಗುತ್ತೆ. ಕ್ಲೈಂಟ್ "ಹಳೇ ಹೂವು ಕಳಿಸಿದ್ದಾರೆ" ಅಂದುಕೊಳ್ತಾರೆ.

ಮುಂಬಾಗಿಲು
ನಾನು ರಿಸೆಪ್ಷನ್‌ನಲ್ಲಿ ಕೂರೋಳು. ಹೂವಿನ ಗತಿ ಏನಾಗುತ್ತೆ ಅಂತ ನನ್ನನ್ನ ಕೇಳಿ. ಶುಕ್ರವಾರ ಸಂಜೆ ಐದೂವರೆಗೆ ಡೆಲಿವರಿ ಹುಡುಗ ದೊಡ್ಡ ಬೊಕೆ ತಂದು ಸಹಿ ಹಾಕಿಸಿಕೊಂಡು ಹೋಗ್ತಾನೆ. ಹೆಸರಿನವರು ಹೊರಟುಹೋಗಿರ್ತಾರೆ. ಸೋಮವಾರ ಬೆಳಗ್ಗೆ ನೋಡಿದರೆ ಪ್ಲಾಸ್ಟಿಕ್ ಒಳಗೆ ಬೆವೆತು ಕಂದಿ ಕೂತಿರುತ್ತೆ. ಅದನ್ನ ಸಾಹೇಬರ ಟೇಬಲ್ ಮೇಲೆ ಇಡೋದಾ ಬಿಡೋದಾ ಅನ್ನೋ ಧರ್ಮಸಂಕಟ ನನಗೆ.

ಇನ್ನೊಂದು, ಆಫೀಸಿನಲ್ಲಿ ಹೂದಾನಿ ಇರಲ್ಲ ಮಾರಾಯ್ರೇ! ಕತ್ತರಿಯೂ ಇರಲ್ಲ. ಸುತ್ತಿದ ಹೂಗುಚ್ಛ ಕಳಿಸಿದರೆ ಕಾಫಿ ಜಗ್ಗಿನಲ್ಲೋ ಕಸದ ಬುಟ್ಟಿಗೆ ನೀರು ತುಂಬಿಸಿಯೋ ಇಡಬೇಕು. ಬಾಟಲಿ, ಗ್ಲಾಸು ಏನಾದರೂ ಒಂದರಲ್ಲಿ ಇಟ್ಟೇ ಕಳಿಸಿ. ಮತ್ತೆ ಆಳೆತ್ತರದ ಸ್ಟ್ಯಾಂಡ್ ಕಳಿಸಬೇಡಿ. ಲಿಫ್ಟಿನಲ್ಲಿ ಹೋಗಲ್ಲ, ಟೇಬಲ್ ಮೇಲೆ ಕೂರಲ್ಲ, ಕೊನೆಗೆ ನನ್ನ ಪಕ್ಕದಲ್ಲೇ ನಿಲ್ಲುತ್ತೆ. ಬಂದವರೆಲ್ಲ "ಯಾರದು ರಿಟೈರ್‌ಮೆಂಟು" ಅಂತ ಕೇಳ್ತಾರೆ.

ತೊಟ್ಟು
ಮುಂಬಾಗಿಲು ಮೇಡಂ ಹೇಳಿದ್ದು ನೂರಕ್ಕೆ ನೂರು. ಮಂಗಳವಾರ, ಬುಧವಾರ ಬೆಳಗ್ಗೆ ಹನ್ನೊಂದರೊಳಗೆ ತಲುಪಬೇಕು. ಬರೋ ಮುಂಚೆ ಆ ವ್ಯಕ್ತಿ ಆಫೀಸಿನಲ್ಲಿ ಇದ್ದಾರಾ ಅಂತ ಒಂದು ಫೋನ್. ಫೆಬ್ರವರಿ 14ರ ಆಸುಪಾಸು ಮರೆತುಬಿಡಿ. ಬೆಲೆ ಏರಿರುತ್ತೆ, ಒಳ್ಳೇ ಮಾಲು ಸಿಗಲ್ಲ, ಕೆಂಪು ಗುಲಾಬಿ ಕಳಿಸಿದರೆ ಅಪಾರ್ಥ ಬೇರೆ.

ನಿಯಮಾವಳಿ
ಕಂಪ್ಲಯನ್ಸ್, ಅಂದರೆ ಕಂಪನಿ ಕಾನೂನು-ನಿಯಮ ಪಾಲಿಸುತ್ತಿದೆಯಾ ಅಂತ ನೋಡುವ ಕೆಲಸ ಮಾಡುವವನಾಗಿ ಒಂದು ಅಡ್ಡ ಮಾತು. ಇಲ್ಲಿ ಎಲ್ಲರೂ ಯಾವ ಹೂವು ಅಂತ ಮಾತಾಡ್ತಿದ್ದೀರಿ. ಮೊದಲು ನೋಡಬೇಕಾದದ್ದು ಆ ಹೊತ್ತಿಗೆ ನಿಮ್ಮ ಅವರ ನಡುವೆ ಏನು ನಡೀತಿದೆ ಅನ್ನೋದು. ಕೊಟೇಶನ್ ಅವರ ಟೇಬಲ್ ಮೇಲಿದೆ, ಟೆಂಡರ್ ತೆರೆದಿಲ್ಲ, ಕಾಂಟ್ರಾಕ್ಟ್ ನವೀಕರಣದ ಮಾತು ನಡೀತಿದೆ, ಬಿಲ್ಲಿನ ತಕರಾರು ಇದೆ ಅಂದರೆ ಒಂದು ಒಂಟಿ ಗುಲಾಬಿಯೂ ಬೇಡ. ಬೆಲೆ ಎಷ್ಟು ಕಡಿಮೆ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಲ್ಲ.

ಅಮೆರಿಕದ 1977ರ ವಿದೇಶಿ ಭ್ರಷ್ಟಾಚಾರ ತಡೆ ಕಾಯ್ದೆ, ಬ್ರಿಟನ್ನಿನ 2010ರ ಲಂಚ ಕಾಯ್ದೆ ಇವೆರಡನ್ನೂ ಹೊರದೇಶದ ವ್ಯವಹಾರ ಇರುವವರು ತಿಳಿದಿರಬೇಕು. ಬ್ರಿಟನ್ನಿನ ಕಾಯ್ದೆ ಖಾಸಗಿ ಕಂಪನಿಗಳ ನಡುವಿನ ಲಂಚಕ್ಕೂ ಅನ್ವಯಿಸುತ್ತೆ. ಹಾಗಂತ ಹೂವು ಕಳಿಸಿದವರನ್ನ ಹಿಡಿದು ಒಳಗೆ ಹಾಕಲ್ಲ. ಅಲ್ಲಿನ ಸರ್ಕಾರದ ಮಾರ್ಗದರ್ಶನವೇ ಸಮಂಜಸವಾದ, ಅಳತೆ ಮೀರದ ಆತಿಥ್ಯಕ್ಕೆ ಅಡ್ಡಿ ಇಲ್ಲ ಅನ್ನುತ್ತೆ. ಸರ್ಕಾರಿ ನೌಕರರ ವಿಷಯ ಬೇರೆ. ಅಮೆರಿಕದ ಕೇಂದ್ರ ಸರ್ಕಾರಿ ನೌಕರರು ಒಂದೇ ಮೂಲದಿಂದ ಒಂದು ಸಂದರ್ಭಕ್ಕೆ 20 ಡಾಲರ್, ವರ್ಷಕ್ಕೆ ಒಟ್ಟು 50 ಡಾಲರ್ ಮೀರದಷ್ಟು ಮಾತ್ರ ಪಡೆಯಬಹುದು. ಸ್ವಲ್ಪ ದೊಡ್ಡ ಬೊಕೆಯೇ ಆ ಗೆರೆ ದಾಟುತ್ತೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿರುವ ಸರ್ಕಾರಿ ಸಂಸ್ಥೆಗಳನ್ನ ತೆಗೆದುಬಿಡಿ. ಅವರಿಗೆ ಒಂದು ಪತ್ರ ಸಾಕು.

ಖಾಸಗಿ ಕ್ಲೈಂಟ್‌ಗಳಲ್ಲೂ ಕೆಲವರದು "ಯಾವ ಉಡುಗೊರೆಯೂ ಬೇಡ" ಅನ್ನೋ ನಿಯಮ. ಅವರ ಪರ್ಚೇಸ್‌ಗೆ ಮುಂಚೆಯೇ ಮೇಲ್ ಮಾಡಿ ಕೇಳಿ. ನೀವು ಕಳಿಸಿ ಅವರು ವಾಪಸ್ ಮಾಡಿದರೆ ಇಬ್ಬರಿಗೂ ಮುಜುಗರ. ಹೂವಿಗೆ ಇಲ್ಲಿ ಒಂದು ಅನುಕೂಲ ಇದೆ: ಮತ್ತೆ ಮಾರೋಕೆ ಆಗಲ್ಲ, ಮನೆಯಲ್ಲಿ ಬಚ್ಚಿಡೋಕೆ ಆಗಲ್ಲ, ಎಲ್ಲರ ಕಣ್ಣಿಗೂ ಬೀಳುತ್ತೆ. ಗಡಿಯಾರ, ಗಿಫ್ಟ್ ಕಾರ್ಡ್ ಬಗ್ಗೆ ಬರುವ ಪ್ರಶ್ನೆ ಹೂವಿನ ಬಗ್ಗೆ ಕಡಿಮೆ.

ಗಿರಾಕಿದೇವೋಭವ
ನಿಯಮಾವಳಿ ಸರ್, ಕೊನೇ ಮಾತು ನನ್ನ ಪ್ರಶ್ನೆಯನ್ನೇ ತಿರುಗಿಸಿಬಿಟ್ಟಿತು. ಬಾಡಿ ಹೋಗೋದೇ ದೋಷ ಅಂದುಕೊಂಡಿದ್ದೆ.

ಪರ್ಚೇಸ್ ಪುರಾಣ
ಅದೇ ಗುಣ ಸ್ವಾಮಿ. ನಮ್ಮ ಕಪಾಟಿನಲ್ಲಿ ಹೆಸರು ಅಚ್ಚಾದ ಬಾಟಲಿ ಎಷ್ಟಿವೆ ಗೊತ್ತಾ? ಎಸೆಯೋಕೂ ಆಗಲ್ಲ, ಇಟ್ಟುಕೊಳ್ಳೋಕೂ ಆಗಲ್ಲ. ದುಬಾರಿ ವಸ್ತು ಕೊಟ್ಟ ವೆಂಡರ್ ಎದುರು ಕೂತು ರೇಟು ಇಳಿಸಿ ಅಂತ ಹೇಳೋಕೆ ಬಾಯಿ ಬರಲ್ಲ. ಆಗ ಏನು ಮಾಡ್ತೀವಿ? ಆ ವೆಂಡರನ್ನೇ ಭೇಟಿ ಮಾಡೋದು ತಪ್ಪಿಸ್ತೀವಿ. ಹೂವು ಕಳಿಸಿದವರ ಜೊತೆ ಮಾರನೇ ವಾರ ಜಗಳ ಆಡಬಹುದು.

ಸಂದೇಹಿ
ಇದು ಮಾತ್ರ ಯೋಚಿಸೋ ಹಾಗಿದೆ. 1960ರಲ್ಲಿ ಆಲ್ವಿನ್ ಗೌಲ್ಡ್ನರ್ ಅನ್ನೋ ಸಮಾಜಶಾಸ್ತ್ರಜ್ಞ, ಪಡೆದವನು ತಿರುಗಿ ಕೊಡಬೇಕು ಅನ್ನೋ ನಿಯಮ ಹೆಚ್ಚುಕಡಿಮೆ ಎಲ್ಲ ಸಮಾಜಗಳಲ್ಲೂ ಇದೆ ಅಂತ ವಾದಿಸಿದ. ಮಾರ್ಕೆಟಿಂಗ್‌ನವರು ಅದನ್ನ ಹಿಡಕೊಂಡು "ಕೊಡಿ, ವಾಪಸ್ ಬರುತ್ತೆ" ಅಂತ ಪಾಠ ಮಾಡ್ತಾರೆ. ಪಡೆದವರಿಗೆ ಋಣ ಭಾರ ಆದರೆ ಅವರು ದೂರ ಸರಿಯೋದೂ ಉಂಟಲ್ಲ, ಆ ಭಾಗ ಬಿಟ್ಟುಬಿಡ್ತಾರೆ. ಹೂವಿನ ಋಣ ಹಗುರ ಅನ್ನೋದಾದರೆ ಒಪ್ಪಬಹುದು. ಆದರೂ ಎಲ್ಲ ಕ್ಲೈಂಟ್‌ಗಳಿಗೂ ಒಂದೇ ದಿನ ಒಂದೇ ಬೊಕೆ ಕಳಿಸೋದು ಸಗಟು ವ್ಯಾಪಾರವೇ.

ಕಡಲಾಚೆ
ಹೊರದೇಶದ ಕ್ಲೈಂಟ್‌ಗೆ ಯಾವ ಹೂವು ಅನ್ನೋ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಿ. ಎಕ್ಸ್‌ಪೋರ್ಟ್ ಡೆಸ್ಕಿನಲ್ಲಿದ್ದೇನೆ. ಸೇವಂತಿಗೆ ಎರಡು ವಾರ ಬರುತ್ತೆ ಅಂತ ತೊಟ್ಟು ಅವರು ಹೇಳಿದ್ದು ಓದಿ ಯಾರೂ ಅದನ್ನ ಫ್ರಾನ್ಸ್‌ಗೋ ಇಟಲಿಗೋ ಕಳಿಸಬೇಡಿ. ಅಲ್ಲಿ ಅದು ನವೆಂಬರ್ ಆರಂಭದಲ್ಲಿ ಸಮಾಧಿಗೆ ಇಡುವ ಹೂವು. ಜಪಾನಿನಲ್ಲೂ ಬಿಳಿ ಸೇವಂತಿಗೆ ಅಂತ್ಯಕ್ರಿಯೆಯದು. ರಷ್ಯಾದವರಿಗೆ ಕಳಿಸುವಾಗ ಹೂವಿನ ಸಂಖ್ಯೆ ಬೆಸವಾಗಿರಲಿ, ಸಮಸಂಖ್ಯೆ ಸಾವಿಗೆ ಮೀಸಲು. ಇಲ್ಲಿ ಕೂತು "ಹನ್ನೆರಡು ಗುಲಾಬಿ" ಅಂತ ಆರ್ಡರ್ ಕೊಡುವವರು ಗಮನಿಸಿ.

ಜಪಾನಿನಲ್ಲಿ ಹೊಸ ಆಫೀಸು ತೆರೆದಾಗ, ಒಬ್ಬರು ದೊಡ್ಡ ಹುದ್ದೆಗೆ ಏರಿದಾಗ ಕಂಪನಿಗಳು ಬಿಳಿ ಫಲೆನಾಪ್ಸಿಸ್ ಆರ್ಕಿಡ್ ಕುಂಡ ಕಳಿಸೋದು ಬಹಳ ಸಾಮಾನ್ಯ. ಆ ಹೂವು ಎರಡು ಮೂರು ತಿಂಗಳು ನಿಲ್ಲುತ್ತೆ. ಅದೇ ಕುಂಡವನ್ನ ಆಸ್ಪತ್ರೆಯಲ್ಲಿರುವವರಿಗೆ ಕಳಿಸಿದರೆ ಅನರ್ಥ, ಬೇರಿರುವ ಗಿಡ ಅಂದರೆ ಕಾಯಿಲೆಯೂ ಬೇರು ಬಿಡುತ್ತೆ ಅನ್ನೋ ಭಾವನೆ ಅವರದು. ಅಂದಹಾಗೆ ಯಾವ ದೇಶವಾದರೂ ಐಸಿಯುಗೆ ಹೂವು ಕಳಿಸುವ ಮೊದಲು ಕೇಳಿ, ಬಹಳ ಆಸ್ಪತ್ರೆಗಳು ಒಳಗೆ ಬಿಡಲ್ಲ.

ಆರ್ಡರ್ ಕೊಡೋ ದಾರಿ ಬಗ್ಗೆಯೂ ಒಂದು ಮಾತು. ಒಂದೂರಿನಲ್ಲಿ ದುಡ್ಡು ಕೊಟ್ಟು ಇನ್ನೊಂದೂರಿನ ಅಂಗಡಿಯಿಂದ ಹೂವು ತಲುಪಿಸುವ ಪದ್ಧತಿ ಹಳೇದು. 1910ರಲ್ಲಿ ಅಮೆರಿಕದ ಹೂವಿನ ಅಂಗಡಿಯವರು ಟೆಲಿಗ್ರಾಫ್ ಮೂಲಕ ಆರ್ಡರ್ ದಾಟಿಸೋಕೆ ಕೂಟ ಕಟ್ಟಿದ್ದರು. ಈಗ ವೆಬ್‌ಸೈಟುಗಳು ಅದೇ ಕೆಲಸ ಮಾಡ್ತವೆ. ಕೆಲವಕ್ಕೆ ಸ್ವಂತ ಅಂಗಡಿಯೇ ಇಲ್ಲ. ನಡುವೆ ಕಮಿಷನ್ ಹೋಗಿ, ಉಳಿದದ್ದರಲ್ಲಿ ಅಲ್ಲಿನ ಅಂಗಡಿಯವರು ಕಟ್ಟಬೇಕು. ಫೋಟೋದಲ್ಲಿ ಕಂಡದ್ದು ಒಂದು, ತಲುಪಿದ್ದು ಇನ್ನೊಂದು ಆಗೋದು ಇದಕ್ಕೇ. ಕ್ಲೈಂಟ್ ಇರುವ ಊರಿನ ಅಂಗಡಿಯನ್ನೇ ಹುಡುಕಿ ನೇರ ಫೋನ್ ಮಾಡಿ. "ಇದು ಆಫೀಸಿಗೆ, ವ್ಯವಹಾರದ ಮಟ್ಟದಲ್ಲಿ ಧನ್ಯವಾದ ಹೇಳೋಕೆ" ಅಂದರೆ ಆ ಊರಲ್ಲಿ ಯಾವ ಹೂವು ಕೂಡದು ಅಂತ ಅವರೇ ಹೇಳ್ತಾರೆ. ನಾನು ಮೇಲೆ ಬರೆದ ಪಟ್ಟಿಗಿಂತ ಅದು ಭದ್ರ.

ಲೆಕ್ಕದ ಪುಸ್ತಕ
ಅಕೌಂಟ್ಸ್‌ನಿಂದ ಒಂದೇ ಮಾತು: ಉಡುಗೊರೆ ಖರ್ಚಿಗೆ ತೆರಿಗೆ ವಿನಾಯಿತಿ ಎಲ್ಲ ಕಡೆ ಪೂರ್ತಿ ಸಿಗಲ್ಲ. ಅಮೆರಿಕದಲ್ಲಿ ಒಬ್ಬ ವ್ಯಕ್ತಿಗೆ ವರ್ಷಕ್ಕೆ 25 ಡಾಲರ್ ಮಿತಿ, 1962ರಲ್ಲಿ ಇಟ್ಟದ್ದು, ಇವತ್ತಿಗೂ ಏರಿಲ್ಲ. ಪ್ಯಾಕಿಂಗ್, ಸಾಗಣೆ ಅದರಲ್ಲಿ ಸೇರಲ್ಲ ಅನ್ನೋದೊಂದೇ ಸಮಾಧಾನ. ಯಾವ ದೇಶವಾದರೂ ಯಾರಿಗೆ, ಯಾವಾಗ, ಯಾಕೆ, ಎಷ್ಟು ಅಂತ ಒಂದು ಶೀಟಿನಲ್ಲಿ ಬರೆದಿಡಿ. "ಹೂವು – ಇತರೆ ಖರ್ಚು" ಅಂತ ವೋಚರ್ ತಂದರೆ ನಾನಂತೂ ಪಾಸ್ ಮಾಡಲ್ಲ.

ಗಿರಾಕಿದೇವೋಭವ
ಎಲ್ಲರ ಮಾತೂ ಎಂಡಿ ಮುಂದೆ ಇಟ್ಟೆ. ವರ್ಷದ ಕೊನೆಯ ಸಗಟು ಬೊಕೆ ರದ್ದು. ಅದೇ ಬಜೆಟ್ಟನ್ನು ಇಡೀ ವರ್ಷಕ್ಕೆ ಹಂಚಿ, ನಿಜವಾದ ಕಾರಣ ಬಂದಾಗ ಮಾತ್ರ ಕಳಿಸೋದು ಅಂತಾಯಿತು. ಮೊದಲನೇದು ಈ ವಾರವೇ. ಒಂದು ಕ್ಲೈಂಟ್ ಕಡೆಯ ಕ್ವಾಲಿಟಿ ಲ್ಯಾಬಿನವರು ನಮ್ಮ ಹೊಸ ಡಬ್ಬಿಯ ಸೋರಿಕೆಯ ಕಾರಣ ಹುಡುಕಿ ಕೊಟ್ಟರು, ಅದು ಅವರ ಕೆಲಸವೇ ಆಗಿರಲಿಲ್ಲ. ಅವರ ಮ್ಯಾನೇಜರ್‌ಗೆ ಹೇಳಿ ಒಪ್ಪಿಗೆ ತಗೊಂಡಿದ್ದೇನೆ, ಸದ್ಯಕ್ಕೆ ಯಾವ ಕೊಟೇಶನ್ನೂ ಬಾಕಿ ಇಲ್ಲ. ಕಾರ್ಡಿಗೆ ಹೀಗೆ ಬರೆದಿದ್ದೇನೆ, ನೋಡಿ:

"ನಮ್ಮ ಸಂಸ್ಥೆಯ ಮೌಲ್ಯಯುತ ಪಾಲುದಾರರಾದ ತಮಗೆ ಹೃತ್ಪೂರ್ವಕ ಕೃತಜ್ಞತೆಗಳು. ತಮ್ಮ ಸಹಕಾರ ಹೀಗೆಯೇ ಮುಂದುವರಿಯಲಿ ಎಂದು ಆಶಿಸುತ್ತೇವೆ."

ಮುಂಬಾಗಿಲು
ಅಯ್ಯೋ, ಇದು ಡೈರಿಯ ಮೊದಲ ಪುಟದ ಭಾಷೆ! ಇಂಥ ಕಾರ್ಡ್ ನನ್ನ ಡ್ರಾಯರಿನಲ್ಲಿ ಒಂದು ಕಟ್ಟು ಇದೆ, ಹೂವು ಹೋದ ಮೇಲೆ ಯಾರೂ ಕೇಳಿಲ್ಲ.

ಪರ್ಚೇಸ್ ಪುರಾಣ
"ಸಹಕಾರ ಹೀಗೆಯೇ ಮುಂದುವರಿಯಲಿ" ಅನ್ನೋದನ್ನ ಮೊದಲು ಹೊಡೆದುಹಾಕಿ. ಅಲ್ಲಿವರೆಗೆ ಥ್ಯಾಂಕ್ಸ್, ಅಲ್ಲಿಂದ ಆಚೆ ಮುಂದಿನ ಆರ್ಡರ್. ಓದಿದವರಿಗೆ ಗೊತ್ತಾಗಲ್ವಾ? ಈಗ ನಮಗೆ ಹೇಳಿದಿರಲ್ಲ, ಸೋರಿಕೆ ಹುಡುಕಿದ್ದು, ಅವರ ಕೆಲಸ ಅಲ್ಲದಿದ್ದರೂ ಮಾಡಿದ್ದು, ಅದನ್ನೇ ಬರೆಯಿರಿ. ಮಾಡಿದವರ ಹೆಸರು ಹಾಕಿ. ಇಬ್ಬರು ಮಾಡಿದ್ದರೆ ಇಬ್ಬರ ಹೆಸರೂ. ಕೆಳಗೆ ಕಂಪನಿಯ ಸೀಲು ಬೇಡ, ನಿಮ್ಮ ಸಹಿ ಇರಲಿ, ಕೈಬರಹದಲ್ಲಿ.

ನಿಯಮಾವಳಿ
ಇಡೀ ಲ್ಯಾಬಿಗೆ ಅಂತ ಕಳಿಸಿ, ಕಾರ್ಡಿನಲ್ಲಿ ಹೆಸರು ಹಾಕಿ. ಹಂಚಿಕೊಳ್ಳುವ ಉಡುಗೊರೆಗೆ ತಕರಾರು ಕಡಿಮೆ.

ಗಿರಾಕಿದೇವೋಭವ
ಸರಿ, ಹೀಗಾದರೆ?

"ಡಬ್ಬಿ ಸೋರುತ್ತಿದ್ದದ್ದು ಮುಚ್ಚಳದಿಂದಲ್ಲ, ಅಂಚಿನ ಬೆಸುಗೆಯಿಂದ ಅಂತ ನಿಮ್ಮ ಲ್ಯಾಬಿನವರು ಹಿಡಿದುಕೊಟ್ಟರು. ನಮ್ಮವರು ವಾರಗಟ್ಟಲೆ ಮುಚ್ಚಳವನ್ನೇ ಬದಲಿಸುತ್ತಾ ಕೂತಿದ್ದರು. ನಿಮ್ಮ ಕೆಲಸ ಅಲ್ಲದಿದ್ದರೂ ಮಾಡಿದ್ದಕ್ಕೆ ಧನ್ಯವಾದ."

ಕೆಳಗೆ ನನ್ನದೂ, ನಮ್ಮ ಪ್ರೊಡಕ್ಷನ್ ಸೂಪರ್‌ವೈಸರದೂ ಸಹಿ.

ಸಂದೇಹಿ
ಈ ಕಾರ್ಡ್ ಇದ್ದರೆ ಹೂವು ಯಾಕೆ ಬೇಕು ಅನ್ನೋದೇ ಈಗ ನನ್ನ ಪ್ರಶ್ನೆ.

ಪರ್ಚೇಸ್ ಪುರಾಣ
ಬರೀ ಕಾರ್ಡು ಲಕೋಟೆಯಲ್ಲಿ ಬಂದರೆ ಓದಿ ಫೈಲಿಗೆ ಹಾಕ್ತಾರೆ. ಹೂವು ಟೇಬಲ್ ಮೇಲೆ ಇದ್ದರೆ ಹೋಗಿ ಬರೋರೆಲ್ಲ "ಏನಿದು" ಅಂತಾರೆ, ಆಗ ಲ್ಯಾಬಿನವರು ಸೋರಿಕೆಯ ಕಥೆ ಹೇಳ್ತಾರೆ. ಒಂದು ವಾರ ಅದೇ ಕಥೆ. ಅವರ ಮೇಲಿನವರ ಕಿವಿಗೂ ಬೀಳುತ್ತೆ. ಅವರಿಗೆ ಸಿಗೋ ಲಾಭ ಅದು, ನಿಮ್ಮ ಹೂವಲ್ಲ.

ಸಂದೇಹಿ
ಹ್ಮ್. ಅಷ್ಟಕ್ಕೆ ದೊಡ್ಡ ಬೊಕೆ ಬೇಡ ತಾನೇ?

ತೊಟ್ಟು
ಬೇಡ. ಹೂವು ಕೊಡುವಲ್ಲಿ ಹೂವಿನ ಎಸಳು ಅಂತಾರಲ್ಲ, ಅಷ್ಟು ಸಾಕು. ನಾನು ಕಟ್ಟೋದಾದರೆ ಗಾಜಿನ ಬಾಟಲಿಯಲ್ಲಿ ಐದಾರು ಆಂಥೂರಿಯಂ, ಒಂದಿಷ್ಟು ಹಸಿರು ಎಲೆ. ವಾಸನೆ ಇಲ್ಲ, ಪರಾಗ ಉದುರಲ್ಲ. ಒಂದು ಎಚ್ಚರಿಕೆ ಹೇಳಿ: ಹೂವು ಅಂದರೆ ಫ್ರಿಜ್ ಅಂತ ರಾತ್ರಿ ಒಳಗಿಡಬೇಡಿ. ಗುಲಾಬಿ 2–4 ಡಿಗ್ರಿಯಲ್ಲಿ ಸುಖವಾಗಿರುತ್ತೆ, ಆಂಥೂರಿಯಂ ಬಿಸಿಲುನಾಡಿನ ಹೂವು, 10 ಡಿಗ್ರಿಗಿಂತ ಕೆಳಗೆ ಹೋದರೆ ಕಪ್ಪಾಗುತ್ತೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಕಾಂಡದ ತುದಿ ಓರೆಯಾಗಿ ಸ್ವಲ್ಪ ಕತ್ತರಿಸಬೇಕು. ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಕಾಂಡದ ನಾಳ ಕಟ್ಟಿಕೊಂಡರೆ ಕೆಳಗೆ ನೀರಿದ್ದರೂ ಹೂವು ಬಾಡುತ್ತೆ. ಜೊತೆಗೆ ಬರುವ ಪುಡಿಯ ಪೊಟ್ಟಣದಲ್ಲಿ ಸಕ್ಕರೆ, ಆಮ್ಲ, ಬ್ಯಾಕ್ಟೀರಿಯಾ ತಡೆಯುವ ಔಷಧ ಇರುತ್ತೆ, ಅದನ್ನ ಎಸೆಯಬೇಡಿ ಅಂತಲೂ ಹೇಳಿ.

ಹಸಿರು ಸ್ಪಾಂಜಿನಲ್ಲಿ ಚುಚ್ಚಿದ ಅಲಂಕಾರ ಯಾರಾದರೂ ಮುಂದೆ ಹಿಡಿದರೆ ಬೇಡ ಅನ್ನಿ. ಅದು ಪ್ಲಾಸ್ಟಿಕ್, ಪುಡಿಯಾಗಿ ನೀರಿಗೆ ಸೇರುತ್ತೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನ ನಿಷೇಧಿಸಿದೆ. ಪರಿಸರದ ವರದಿ ಬರೆಯುವ ಕ್ಲೈಂಟ್‌ಗೆ ಅದನ್ನ ಕಳಿಸಿದರೆ ಚೆನ್ನಾಗಿರಲ್ಲ.

ಮುಂಬಾಗಿಲು
ಲ್ಯಾಬಿನೊಳಗೆ ಹೂವು ಬಿಡ್ತಾರಾ ಅಂತ ಕೇಳಿದಿರಾ ಸರ್? ನಮ್ಮಲ್ಲಂತೂ ಬಿಡಲ್ಲ, ಮಣ್ಣು, ಪರಾಗ, ಹುಳ ಏನೂ ಒಳಗೆ ಬರಬಾರದು ಅಂತ ಬೋರ್ಡೇ ಹಾಕಿದ್ದಾರೆ.

ಗಿರಾಕಿದೇವೋಭವ
ಕೇಳಿರಲಿಲ್ಲ ಮೇಡಂ! ಈಗ ಫೋನ್ ಮಾಡಿದೆ. ಒಳಗೆ ಬಿಡಲ್ಲವಂತೆ, ಹೊರಗಿನ ಊಟದ ಕೋಣೆಯ ಟೇಬಲ್ ಮೇಲೆ ಇಡ್ತಾರಂತೆ. ಬುಧವಾರ ಹತ್ತೂವರೆಗೆ ತಲುಪಿಸೋಕೆ ಹೇಳಿದ್ದೇನೆ.

ಪರ್ಚೇಸ್ ಪುರಾಣ
ಊಟದ ಕೋಣೆ ಇನ್ನೂ ಒಳ್ಳೇದು. ಕಾರ್ಡು ಬಾಟಲಿಗೆ ದಾರದಲ್ಲಿ ಕಟ್ಟಿಸಿ, ಲಕೋಟೆಗೆ ಹಾಕಬೇಡಿ.